ಇಂಗ್ಲಿಷಿನ ಕಿರುಪದಗಳೂ ನಮ್ಮ ಹೆಣ್ಣುಮಕ್ಕಳೂ

ಸ್ಮರಣ ಸಂಚಿಕೆಯೆಂದರೆ ಶಾಲೆಯ ಹಿರಿಮೆಯನ್ನು ಹೇಳಿಕೊಳ್ಳುವುದೂ, ಗತಿಸಿದ ಗುರುಗಳನ್ನು ನೆನೆಯುವುದೂ, ಮುಂದಿನ ಕಟ್ಟಡಕ್ಕೆ ಸಹಾಯವನ್ನು ಬೇಡುವುದೂ ರೂಢಿಯಾಗಿದೆ. ಆ ಕೆಲಸವನ್ನು ಮಾಡಲು ನಮಗಿಂತ ಸಮರ್ಥರಾದವರು ಇರುವರು. ನಾವು ಇಲ್ಲಿ ಒಂದು ಸಣ್ಣ ವಿಷಯವನ್ನು ಮಾತ್ರ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡಬಯಸುತ್ತೇವೆ. ವಿಷಯವು ಸಣ್ಣದೆಂದು ಹೇಳಿದುದು ಸುಳ್ಳಲ್ಲ. ಎರಡು ಮೂರು ಅಕ್ಷರದ ಇಂಗ್ಲಿಷು ಮಾತುಗಳನ್ನು ಕುರಿತದ್ದು. ಆದರೆ ಅದರಿಂದ ನಮ್ಮ ಹುಡುಗಿಯರಿಗೆ ಆಗುತ್ತಿರುವ ನಷ್ಟವು ಸಣ್ಣದಲ್ಲವೆಂಬುದನ್ನು ಒಂದು ಸಂಗತಿಯಿಂದ ತಿಳಿಯಬಹುದು.

ಕೆಲವು ವರ್ಷಗಳ ಹಿಂದೆ ಪಾವಗಡ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು ನಮ್ಮಲ್ಲಿ ಓದಿದ ಹುಡುಗಿಯೊಬ್ಬಳು, ಇಂಗ್ಲಿಷಿನಲ್ಲಿಯೂ ಒಳ್ಳೆಯ ಅಂಕಗಳನ್ನೇ ಪಡೆದು, ಮುಂದೆ ಕಾಲೇಜನ್ನು ಮುಗಿಸಿ, ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಸೇರಿದ ಎರಡನೆಯ ವಾರದಲ್ಲಿ ಮೇಲಧಿಕಾರಿಗಳು ಬಂದು, ಮಧ್ಯಾಹ್ನದ ಮೀಟಿಂಗ್ ‘ಕಾಲ್ಡ್ ಆಫ್’ ಎಂದು ಹೇಳಿಹೋದರು. ‘ಕಾಲ್’ ಎಂದರೆ ಕರೆ. ಆದುದರಿಂದ ಸಭೆಯನ್ನು ಕರೆದಿದ್ದಾರೆಂದು ಅವಳು ತಿಳಿದು, ಪುಸ್ತಕ ಲೇಖನಿಗಳೊಡನೆ ಬರಿಯ ಕೋಣೆಯಲ್ಲಿ ಒಂದು ಗಂಟೆಯ ಕಾಲ ಒಬ್ಬಳೇ ಕುಳಿತಿದ್ದಳು. ಸಭೆ ರದ್ದಾಗಿದ್ದಿತು. ಯಾರೋ ಬಂದು ನೋಡಿ ನಕ್ಕರು. ಇದನ್ನು ನಮಗೆ ಹೇಳಿದಾಗ ಅವಳೂ ನಕ್ಕಳು; ಆದರೆ ಆಮೇಲೆ, “ಮಿಸ್, ಆ ದಿನ ನನಗೆ ಇಂಗ್ಲಿಷು ಬರುವುದಿಲ್ಲವೆಂದು ಅನ್ನಿಸಲಿಲ್ಲ. ನಾನೇ ಆ ಜಾಗಕ್ಕೆ ತಕ್ಕವಳಲ್ಲವೆಂದು ಅನ್ನಿಸಿತು” ಎಂದಳು. ಅವಳ ಈ ಮಾತೇ ನಮ್ಮಿಂದ ಈ ಲೇಖನವನ್ನು ಬರೆಯಿಸಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದಷ್ಟೆ. ಇಲ್ಲಿಯ ಹುಡುಗಿಯರಲ್ಲಿ ಬಹುಮಂದಿ ಕನ್ನಡದಲ್ಲಿಯೇ ಪಾಠಗಳನ್ನು ಕಲಿತು, ಇಂಗ್ಲಿಷನ್ನು ಒಂದು ಭಾಷೆಯಾಗಿ ಮಾತ್ರ ಓದುವವರು. ೨೦೦೭ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ಪಾಠವಾಗಿ ಬಂದಿರುವುದರಿಂದ, ಅಕ್ಷರಗಳ ಭಯವೂ ದೊಡ್ಡ ದೊಡ್ಡ ನಾಮಪದಗಳ ಭಯವೂ ಮೊದಲಿನಷ್ಟು ಉಳಿದಿಲ್ಲ. ವಿಜ್ಞಾನದ ಉದ್ದವಾದ ಪದಗಳನ್ನು ಕೊಟ್ಟರೆ ನಮ್ಮ ಹುಡುಗಿಯರು ತಡವರಿಸದೆ ಹೇಳಿಯಾರು. ಅವರು ಎಡವುವುದು ‘ಅಪ್’, ‘ಔಟ್’, ‘ಆಫ್’, ‘ಆನ್’, ‘ಡೌನ್’ ಎಂಬ ಪುಟ್ಟ ಮಾತುಗಳಲ್ಲಿ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಎರಡನ್ನೂ ಬಲ್ಲವಳಿಗೆ ‘ಗಿವ್ ಅಪ್’ ತಿಳಿಯುವುದಿಲ್ಲ. ಬೆಟ್ಟವನ್ನು ಹತ್ತಿದವಳು ಹೊಸ್ತಿಲಲ್ಲಿ ಎಡವಿದಂತೆ ಆಗುತ್ತದೆ.

ಇಂತಹ ಜೋಡಿಗಳಿಗೆ ಇಂಗ್ಲಿಷಿನಲ್ಲಿ ‘ಫ್ರೇಸಲ್ ವರ್ಬ್’ ಎಂದು ಹೆಸರು. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಲೇಖಕರು ೧೯೨೫ರ ತಮ್ಮ ಗ್ರಂಥದಲ್ಲಿ ಈ ಹೆಸರನ್ನು ಬಳಸಿ, ಇದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿಯವರೆಂದು ತಿಳಿಸಿದರು. ಹೆಸರು ಹೊಸದಾದರೂ ತೊಡಕು ಹಳೆಯದು. ೧೭೫೫ರಲ್ಲಿಯೇ ಸ್ಯಾಮುಯಲ್ ಜಾನ್‌ಸನ್ ಪಂಡಿತರು ತಮ್ಮ ನಿಘಂಟಿನ ಮುನ್ನುಡಿಯಲ್ಲಿ, ಪರದೇಶದವರಿಗೆ ಬಹಳ ಕಷ್ಟವನ್ನು ಕೊಡುವುದು ಕ್ರಿಯಾಪದವು ಕಿರುಪದದೊಡನೆ ಸೇರಿ ಬೇರೆ ಅರ್ಥವನ್ನು ಪಡೆಯುವ ಈ ಬಗೆಯೇ ಎಂಬುದನ್ನು ಕಂಡು, ಅವುಗಳನ್ನು ಶ್ರಮಪಟ್ಟು ಸಂಗ್ರಹಿಸಿದರು. ಆದುದರಿಂದ ನಮ್ಮ ಮಕ್ಕಳ ಕಷ್ಟವು ದಡ್ಡತನದ ಗುರುತಲ್ಲ. ಈ ಲೇಖನದಲ್ಲಿ ಆ ಜೋಡಿಯನ್ನು ‘ಕೂಡುಕ್ರಿಯೆ’ ಎಂದೂ, ಅದರ ಬಾಲದಂತಿರುವ ಅವ್ಯಯವನ್ನು ‘ಕಿರುಪದ’ ಎಂದೂ ಕರೆಯುತ್ತೇವೆ.

ಇವುಗಳಿಂದ ತಪ್ಪಿಸಿಕೊಂಡು ಇಂಗ್ಲಿಷನ್ನು ಕಲಿಯಲು ಆಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ೧೯೩೦ರಲ್ಲಿ ಸಿ. ಕೆ. ಆಗ್ಡೆನ್ ಎಂಬ ಆಂಗ್ಲ ವಿದ್ವಾಂಸರು ಪರದೇಶದವರಿಗೆಂದು ೮೫೦ ಪದಗಳ ಸುಲಭ ಇಂಗ್ಲಿಷೊಂದನ್ನು ರಚಿಸಿದರು. ಅದರಲ್ಲಿ ಕ್ರಿಯಾಪದಗಳು ೧೮ ಮಾತ್ರ. ಉಳಿದ ಕ್ರಿಯಾಪದಗಳ ಕೆಲಸವನ್ನು ಈ ಕೆಲವಕ್ಕೇ ಕಿರುಪದಗಳನ್ನು ಜೋಡಿಸಿ ಮಾಡಿಸಿದರು: ‘ಎಂಟರ್’ ಎನ್ನುವುದಕ್ಕೆ ಬದಲಾಗಿ ‘ಗೋ ಇನ್’, ‘ಕಂಟಿನ್ಯೂ’ ಎನ್ನುವುದಕ್ಕೆ ಬದಲಾಗಿ ‘ಗೋ ಆನ್’. ಪದಗಳ ಲೆಕ್ಕವೇನೋ ಇಳಿಯಿತು. ಅರ್ಥದ ಹೊರೆಯೆಲ್ಲ ಆ ಪುಟ್ಟ ಬಾಲಗಳ ಮೇಲೆ ಬಿದ್ದಿತು. ಹುಟ್ಟಿನಿಂದ ಇಂಗ್ಲಿಷನ್ನಾಡುವವರಿಗೆ ಇದು ಸುಲಭ; ಹೊರಗಿನಿಂದ ಕಲಿಯುವವರಿಗೆ ‘ಕಂಟಿನ್ಯೂ’ ಎಂಬ ಉದ್ದನೆಯ ಪದವೇ ‘ಗೋ ಆನ್’ಗಿಂತ ಸುಲಭ. ಕಚೇರಿ, ಆಸ್ಪತ್ರೆ, ಕಾಲೇಜುಗಳಲ್ಲಿ ಜನರು ಆಡುವ ಇಂಗ್ಲಿಷಾದರೋ ಈ ಪುಟ್ಟ ಮಾತುಗಳಿಂದಲೇ ತುಂಬಿದೆ.

ಹಾಗಾದರೆ ಇವು ಎಷ್ಟಿವೆ? ಡೀ ಗಾರ್ಡ್‌ನರ್ ಮತ್ತು ಮಾರ್ಕ್ ಡೇವಿಸ್ ಎಂಬಿಬ್ಬರು ಸುಮಾರು ೧೦ ಕೋಟಿ ಪದಗಳ ಬ್ರಿಟಿಷ್ ಇಂಗ್ಲಿಷಿನ ಸಂಗ್ರಹವನ್ನು ಶೋಧಿಸಿ, ೨೦೦೭ರಲ್ಲಿ ಬಹಳವಾಗಿ ಬಳಕೆಯಾಗುವ ೧೦೦ ಕೂಡುಕ್ರಿಯೆಗಳ ಪಟ್ಟಿಯನ್ನು ಕೊಟ್ಟರು. ಆ ನೂರಕ್ಕೆ ಒಟ್ಟು ಅರ್ಥಗಳು ೫೫೯. ಎಂದರೆ ಒಂದೊಂದಕ್ಕೂ ಸರಾಸರಿ ಐದಕ್ಕೆ ಮೇಲ್ಪಟ್ಟು. ಇದನ್ನು ಕೇಳಿ ಎದೆಗುಂದಬೇಕಾದುದಿಲ್ಲ. ೨೦೧೫ರಲ್ಲಿ ಗಾರ್ನಿಯೆ ಮತ್ತು ಶ್ಮಿಟ್ ಎಂಬ ಬೇರೆ ಇಬ್ಬರು ೧೫೦ ಕೂಡುಕ್ರಿಯೆಗಳನ್ನು ತೆಗೆದುಕೊಂಡು, ನಿಜವಾಗಿ ಬಳಕೆಯಲ್ಲಿ ಮೇಲಿಂದ ಮೇಲೆ ಬರುವ ಅರ್ಥಗಳನ್ನು ಮಾತ್ರ ಆರಿಸಿದಾಗ ಅವು ಮುನ್ನೂರಕ್ಕಿಂತ ಕಡಮೆಯಾದವು. ಪ್ರೌಢಶಾಲೆಯ ಮೂರು ವರ್ಷಗಳಿಗೆ ಇದನ್ನು ಹಂಚಿದರೆ ವರ್ಷಕ್ಕೆ ನೂರೂ ಆಗುವುದಿಲ್ಲ. ಅಡ್ಡಿಯಿರುವುದು ಸಂಖ್ಯೆಯಲ್ಲಲ್ಲ, ಕಲಿಸುವ ಬಗೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಈಗ ಬಹುಕಡೆ ನಡೆಯುತ್ತಿರುವ ಬಗೆಯೇನು? ‘ಗೆಟ್’ ಎಂಬ ಕ್ರಿಯಾಪದವನ್ನು ಹಲಗೆಯ ಮೇಲೆ ಬರೆದು, ಅದರ ಕೆಳಗೆ ‘ಗೆಟ್ ಅಪ್’, ‘ಗೆಟ್ ಆಫ್’, ‘ಗೆಟ್ ಆನ್’, ‘ಗೆಟ್ ಓವರ್’ ಎಂದು ಹತ್ತು ಸಾಲುಗಳನ್ನು ಬರೆಯುವುದು; ಎದುರಿಗೆ ಹತ್ತು ಅರ್ಥಗಳು; ಹುಡುಗಿಯರು ಅದನ್ನು ನಕಲು ಮಾಡಿಕೊಂಡು ಬಾಯಿಪಾಠ ಮಾಡುವುದು; ಪರೀಕ್ಷೆ ಮುಗಿದ ಮೇಲೆ ಮರೆಯುವುದು. ನಾವೂ ಬಹು ವರ್ಷ ಹೀಗೆಯೇ ಕಲಿಸಿದೆವೆಂದು ಒಪ್ಪಿಕೊಳ್ಳುತ್ತೇವೆ. ಇದರಲ್ಲಿರುವ ದೋಷವೇನೆಂದರೆ, ‘ಗೆಟ್’ ಎಂಬುದಕ್ಕೆ ತಾನಾಗಿ ಹೇಳಿಕೊಳ್ಳುವಂತಹ ಅರ್ಥವೇ ಬಹಳವಿಲ್ಲ. ಅರ್ಥವನ್ನು ಹೊರುವುದು ಬಾಲದ ಕಿರುಪದ. ಹೊರುವವರನ್ನು ಬಿಟ್ಟು ಬರಿಗೈಯವರನ್ನು ಎಣಿಸಿದಂತೆ, ನಾವು ಪಟ್ಟಿಯನ್ನು ತಲೆಕೆಳಗಾಗಿ ಹಿಡಿದಿದ್ದೆವು. ಕಿರುಪದವೊಂದನ್ನು ನಿಲ್ಲಿಸಿಕೊಂಡು ಕ್ರಿಯಾಪದಗಳನ್ನು ಬದಲಾಯಿಸುತ್ತ ಹೋಗಬೇಕು. ಆಗ ಹತ್ತು ಒಗಟುಗಳಿಗೆ ಬದಲಾಗಿ ಒಂದು ಕುಟುಂಬ ಕಾಣಿಸುತ್ತದೆ.

‘ಅಪ್’ ಎಂಬುದನ್ನೇ ನೋಡೋಣ. ಮೊದಲನೆಯದಾಗಿ ಕಣ್ಣಿಗೆ ಕಾಣುವ ಮೇಲು: ‘ಸ್ಟ್ಯಾಂಡ್ ಅಪ್’, ಎದ್ದು ನಿಲ್ಲು, ‘ಪಿಕ್ ಅಪ್’, ನೆಲದಿಂದ ಎತ್ತಿಕೊ. ಎರಡನೆಯದಾಗಿ ಹೆಚ್ಚುವುದು: ‘ಸ್ಪೀಕ್ ಅಪ್’, ದನಿಯೇರಿಸಿ ಮಾತಾಡು, ‘ಗ್ರೋ ಅಪ್’, ಬೆಳೆದು ದೊಡ್ಡವಳಾಗು. ಮೂರನೆಯದಾಗಿ ಪೂರ್ತಿಯಾಗುವುದು: ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’. ಮೇಲಿಗೂ ಮುಗಿಯುವುದಕ್ಕೂ ಏನು ಸಂಬಂಧವೆಂದರೆ, ನಲ್ಲಿಯ ಕೆಳಗೆ ಬಿಂದಿಗೆಯನ್ನಿಟ್ಟ ಹುಡುಗಿಗೆ ಅದನ್ನು ವಿವರಿಸಬೇಕಾದುದಿಲ್ಲ. ನೀರು ಮೇಲೇರುತ್ತ ಬಂದು ಕಂಠವನ್ನು ಮುಟ್ಟಿದರೆ ಬಿಂದಿಗೆ ತುಂಬಿತು, ಕೆಲಸ ಮುಗಿಯಿತು. ಇದೇ ‘ಫಿಲ್ ಅಪ್’. ಆ ತುಂಬಿದ ಭಾವವೇ ಮುಂದೆ ಉಣ್ಣುವುದಕ್ಕೂ ಖರ್ಚು ಮಾಡುವುದಕ್ಕೂ ಹಬ್ಬಿತು. ನಾಲ್ಕನೆಯದಾಗಿ ಮರೆಯಲ್ಲಿದ್ದುದು ಕಣ್ಣಿಗೆ ಬೀಳುವುದು: ‘ಕಮ್ ಅಪ್’, ‘ಟರ್ನ್ ಅಪ್’, ‘ಬ್ರಿಂಗ್ ಅಪ್’. ನಾವು ಕೂಡ ‘ಪ್ರಶ್ನೆ ಎದ್ದಿತು’ ಎನ್ನುವುದಿಲ್ಲವೆ? ‘ಆ ಮಾತನ್ನು ಈಗ ಎತ್ತಬೇಡ’ ಎನ್ನುವುದಿಲ್ಲವೆ? ‘ಬ್ರಿಂಗ್ ಅಪ್’ ಎಂದರೆ ಮಾತೆತ್ತುವುದೇ. ‘ಟೇಕ್ ಅಪ್’ ಎಂದರೆ ಕೆಲಸವನ್ನು ಕೈಗೆತ್ತಿಕೊಳ್ಳುವುದು. ಹುಡುಗಿಯರನ್ನು ಹೆದರಿಸುವ ‘ಗಿವ್ ಅಪ್’ ಎಂಬುದಾದರೋ, ಸೋತವನು ‘ಕೈಯೆತ್ತಿಬಿಟ್ಟ’ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಮಾತಿಗೆ ನೆರೆಮನೆಯದು.

ಹೀಗೆಯೇ ‘ಔಟ್’ ಎಂಬುದಕ್ಕೆ ಒಳಗಿನಿಂದ ಹೊರಗೆ ಎಂಬುದು ಮೂಲ. ಪುಸ್ತಕವನ್ನು ‘ಬ್ರಿಂಗ್ ಔಟ್’ ಮಾಡುವುದಕ್ಕೆ ನಾವು ‘ಹೊರತರುವುದು’ ಎಂದೇ ಹೇಳುತ್ತೇವೆ. ಸುದ್ದಿ ‘ಕಮ್ ಔಟ್’ ಆದರೆ ‘ಹೊರಬಿದ್ದಿತು’ ಎನ್ನುತ್ತೇವೆ. ಡಬ್ಬಿಯಲ್ಲಿದ್ದುದೆಲ್ಲ ಹೊರಗೆ ಹೋದರೆ ಡಬ್ಬಿ ಬರಿದಾಯಿತು: ಸಕ್ಕರೆ ‘ರನ್ ಔಟ್’, ಮುಗಿದುಹೋಯಿತು, ಚಪ್ಪಲಿ ‘ವೇರ್ ಔಟ್’, ಸವೆದುಹೋಯಿತು, ದೀಪ ‘ಗೋ ಔಟ್’, ಆರಿಹೋಯಿತು. ‘ಆಫ್’ ಎಂಬುದಕ್ಕೆ ಅಂಟಿದ್ದು ಬೇರೆಯಾಗುವುದು ಮೂಲ: ‘ಕಟ್ ಆಫ್’, ಕತ್ತರಿಸಿ ಬೇರ್ಪಡಿಸು, ‘ಟೇಕ್ ಆಫ್’, ಮೈಮೇಲಿನದನ್ನು ಕಳಚು, ‘ಸೀ ಆಫ್’, ಊರಿಗೆ ಹೊರಟವರನ್ನು ಬೀಳ್ಕೊಡು. ನಿಶ್ಚಯವಾಗಿದ್ದ ದಿನದಿಂದ ಸಭೆಯನ್ನು ಕಳಚಿಹಾಕಿದರೆ ಅದೇ ‘ಕಾಲ್ ಆಫ್’. ಆ ಪಾವಗಡದ ಹುಡುಗಿಗೆ ‘ಕಾಲ್’ ಎಂಬುದರ ಬದಲು ‘ಆಫ್’ ಎಂಬುದರ ಗುಣವನ್ನು ನಾವು ಕಲಿಸಿದ್ದರೆ, ಅರ್ಥವು ಪೂರ್ತಿ ತಿಳಿಯದಿದ್ದರೂ ಏನೋ ಬಿಟ್ಟುಹೋಯಿತೆಂಬ ಸಂಶಯವಾದರೂ ಹುಟ್ಟಿ, ಪಕ್ಕದವರನ್ನು ಕೇಳುತ್ತಿದ್ದಳು.

ಇದು ನಮ್ಮ ಕಲ್ಪನೆ ಮಾತ್ರವಲ್ಲ. ಹಂಗೆರಿ ದೇಶದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ‘ಅಪ್’, ‘ಡೌನ್’ ಉಳ್ಳ ಕೂಡುಕ್ರಿಯೆಗಳನ್ನು ಹೀಗೆ ಭಾವದ ಗುಂಪುಗಳಾಗಿಯೂ, ಕೆಲವರಿಗೆ ಬರಿಯ ಅರ್ಥದೊಡನೆಯೂ ಕಲಿಸಿ, ಮೊದಲನೆಯವರು ಮೇಲಾದರೆಂದು ಕೊವೆಚೆಶ್ ಮತ್ತು ಸಾಬೊ ಎಂಬವರು ೧೯೯೬ರಲ್ಲಿ ಪ್ರಕಟಿಸಿದರು. ಫ್ರೆಂಚನ್ನಾಡುವ ವಿದ್ಯಾರ್ಥಿಗಳಲ್ಲಿ ಫ್ರಾಂಕ್ ಬೂರ್ಸ್ ಎಂಬವರಿಗೂ ಇದೇ ಬಗೆಯ ಫಲ ದೊರೆತುದು ೨೦೦೦ದಲ್ಲಿ ಪ್ರಕಟವಾಯಿತು. ಇವು ಚಿಕ್ಕ ಪರೀಕ್ಷೆಗಳು. ಇವುಗಳಿಂದಲೇ ಎಲ್ಲವೂ ಸಿದ್ಧವಾಯಿತೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ತರಗತಿಯಲ್ಲಿ ಕಂಡುದಕ್ಕೆ ಇವು ಒಪ್ಪುತ್ತವೆ.

ಇಲ್ಲಿಯವರೆಗೆ ಹೇಳಿದುದರಲ್ಲಿ ಹೆಚ್ಚಿನ ವಿವಾದವಿರಲಾರದು. ವಿವಾದವಿರುವುದು ಮುಂದಿನ ಮಾತಿನಲ್ಲಿ. ಕಿರುಪದಗಳನ್ನು ನಮ್ಮ ಹುಡುಗಿಯರಿಗೆ ಕಲಿಸಬೇಕಾದುದು ಕನ್ನಡದ ಸಹಾಯದಿಂದ ಎಂದು ನಾವು ಹೇಳುತ್ತೇವೆ. ಇಂಗ್ಲಿಷಿನ ತರಗತಿಯಲ್ಲಿ ಕನ್ನಡದ ಒಂದು ಮಾತೂ ಕೇಳಿಸಬಾರದೆಂದು ವಿಧಿಸಿ, ಕೇಳಿಸಿದರೆ ದಂಡ ಹಾಕುವ ಶಾಲೆಗಳಿವೆ. ಅದನ್ನೇ ಶಿಸ್ತೆಂದು ಮೆಚ್ಚುವ ತಾಯಿತಂದೆಗಳೂ ಇರುವರು. ಅವರ ಉದ್ದೇಶ ಒಳ್ಳೆಯದೇ. ಇಂಗ್ಲಿಷನ್ನು ಕೇಳದೆ, ಆಡದೆ ಇಂಗ್ಲಿಷು ಬಾರದೆಂಬುದೂ ನಿಜ. ಆದರೆ ಆಡುವುದಕ್ಕೆ ಮುಂಚೆ ತಿಳಿಯಬೇಕು. ತಿಳಿಯುವುದಕ್ಕೆ ತನ್ನಲ್ಲಿರುವ ಬೆಳಕನ್ನು ಉಪಯೋಗಿಸಬಾರದೆಂದರೆ ಅದು ಎಂತಹ ನ್ಯಾಯ?

ಆ ಬೆಳಕು ನಮ್ಮ ಮಕ್ಕಳಲ್ಲಿ ಮೂರು ಕಡೆಯಲ್ಲಿದೆ. ಮೊದಲನೆಯದು ಕನ್ನಡ ವ್ಯಾಕರಣದ ತರಗತಿ. ಸಂಸ್ಕೃತದಿಂದ ಬಂದ ಮಾತುಗಳಲ್ಲಿ ಉಪಸರ್ಗವು ಧಾತುವಿನ ಅರ್ಥವನ್ನು ಬೇರೆ ಕಡೆಗೆ ಒಯ್ಯುವುದೆಂದು ಪಂಡಿತರು ಹೇಳಿಕೊಡುತ್ತಾರೆ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಇವೆಲ್ಲಕ್ಕೂ ಧಾತು ಒಂದೇ. ಉಣ್ಣುವುದೂ ಕೊಲ್ಲುವುದೂ ಒಂದೇ ಬೇರಿನಿಂದ ಬಂದಿವೆ. ಸಂಸ್ಕೃತದಲ್ಲಿ ಉಪಸರ್ಗ ಮುಂದೆ ಬರುತ್ತದೆ, ಇಂಗ್ಲಿಷಿನಲ್ಲಿ ಕಿರುಪದ ಹಿಂದೆ ಬರುತ್ತದೆ; ಮಾಡುವ ಕೆಲಸದಲ್ಲಿ ಇವು ಒಂದಕ್ಕೊಂದು ಹತ್ತಿರದವು. ‘ಉತ್’ ಎಂಬ ಉಪಸರ್ಗವನ್ನು ಹಿಡಿದು ಉದಯ, ಉನ್ನತಿ, ಉತ್ಥಾನ, ಉದ್ಧಾರ ಎಂದು ಎಣಿಸಿದ ಹುಡುಗಿಯು ‘ಅಪ್’ ಎಂಬುದನ್ನು ಆಗಲೇ ಅರ್ಧ ಕಲಿತಿದ್ದಾಳೆ. ಇಂಗ್ಲಿಷಿನ ಉಪಾಧ್ಯಾಯಿನಿಯೂ ಕನ್ನಡದ ಪಂಡಿತರೂ ಒಂದು ದಿನ ಕೂಡಿ ಕುಳಿತರೆ ಈ ಪಾಠವು ಇಬ್ಬರಿಗೂ ಹಗುರವಾಗುತ್ತದೆ.

ಎರಡನೆಯದು ಮನೆಯ ಮಾತು. ‘ತಿಂದ’ ಎಂಬುದಕ್ಕೂ ‘ತಿಂದುಬಿಟ್ಟ’ ಎಂಬುದಕ್ಕೂ, ‘ಹರಿದ’ ಎಂಬುದಕ್ಕೂ ‘ಹರಿದುಹಾಕಿದ’ ಎಂಬುದಕ್ಕೂ, ‘ಒಡೆಯಿತು’ ಎಂಬುದಕ್ಕೂ ‘ಒಡೆದುಹೋಯಿತು’ ಎಂಬುದಕ್ಕೂ ಇರುವ ಭೇದವನ್ನು ಮೂರು ವರ್ಷದ ಮಗುವೂ ಬಲ್ಲದು. ‘ಬಿಡು’ ಎಂಬುದರ ಸ್ವಂತ ಅರ್ಥ ಅಲ್ಲಿಲ್ಲ. ತಿಂದವನು ಏನನ್ನೂ ಬಿಡಲಿಲ್ಲ, ಬಿಡದೆ ತಿಂದನೆಂದೇ ಅರ್ಥ! ಹಾಗೆಯೇ ‘ಈಟ್ ಅಪ್’ ಎಂದವನು ಮೇಲಕ್ಕೆ ಏನನ್ನೂ ತಿನ್ನಲಿಲ್ಲ. ಒಂದು ಸಣ್ಣ ಮಾತು ತನ್ನ ಅರ್ಥವನ್ನು ತೊರೆದು ಇನ್ನೊಂದು ಕ್ರಿಯೆಗೆ ಪೂರ್ತಿಯ ಮೆರುಗನ್ನು ಕೊಡುವ ಈ ಉಪಾಯವು ನಮಗೆ ಹೊಸದಲ್ಲ. ಪಾವಗಡದ ಅನೇಕ ಮನೆಗಳಲ್ಲಿ ತೆಲುಗನ್ನಾಡುತ್ತಾರೆ. ಅವರಿಗೆ ‘ತಿನೇಸಿನಾಡು’ ಎಂಬ ಮಾತಿದೆ. ಶಿರಾದಲ್ಲಿ ಉರ್ದುವನ್ನಾಡುವ ಮನೆಗಳು ಬಹಳ. ಅವರಿಗೆ ‘ಖಾ ಡಾಲಾ’ ಎಂಬುದಿದೆ. ಮೂರು ಮನೆಮಾತಿನ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು, ಮೂವರೂ ಇದನ್ನು ಬಲ್ಲವರಾಗಿ, ಮೂವರೂ ‘ಈಟ್ ಅಪ್’ ತಿಳಿಯದೆ ತಲೆತಗ್ಗಿಸುವಂತೆ ಮಾಡುವುದು ಕಲಿಸುವವರ ತಪ್ಪಲ್ಲದೆ ಕಲಿಯುವವರದಲ್ಲ.

ಮೂರನೆಯದು ಬೀದಿಯ ಮಾತು. ಮಧುಗಿರಿಯ ಬಸ್ಸು ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ಕೇಳಿರಿ. ಕಂಡಕ್ಟರು ‘ಹೋಲ್ಡಾನ್’ ಎಂದು ಕೂಗಿದರೆ ಬಸ್ಸು ನಿಲ್ಲುವುದೆಂದು ಓದುಬಾರದ ಅಜ್ಜಿಗೂ ಗೊತ್ತು, ಅದು ಕೂಡುಕ್ರಿಯೆ. ಕೊಳವೆಬಾವಿಯ ಮೋಟಾರನ್ನು ರೈತರು ‘ಆನ್’ ಮಾಡುತ್ತಾರೆ, ‘ಆಫ್’ ಮಾಡುತ್ತಾರೆ. ಚೆಂಡಾಟದಲ್ಲಿ ಹುಡುಗರು ‘ಔಟ್’ ಆಗುತ್ತಾರೆ. ಗಮನಿಸಬೇಕಾದುದೇನೆಂದರೆ, ಇಲ್ಲಿ ನಮ್ಮ ಜನರು ‘ಟರ್ನ್’, ‘ಸ್ವಿಚ್’ ಎಂಬ ಕ್ರಿಯಾಪದಗಳನ್ನು ಕೈಬಿಟ್ಟು ಕಿರುಪದವನ್ನು ಮಾತ್ರ ಉಳಿಸಿಕೊಂಡು, ಅದಕ್ಕೆ ಕನ್ನಡದ ‘ಮಾಡು’, ‘ಆಗು’ ಎಂಬುವನ್ನು ಜೋಡಿಸಿದ್ದಾರೆ. ಅರ್ಥವು ಕಿರುಪದದಲ್ಲಿದೆಯೆಂಬುದನ್ನು ಯಾವ ಪಂಡಿತರೂ ಅವರಿಗೆ ಹೇಳಿಕೊಡಲಿಲ್ಲ. ಇನ್ನು ಲಾಕಪ್, ಚೆಕಪ್, ಮೇಕಪ್, ಪಿಕಪ್ ಎಂಬ ನಾಲ್ಕು ಮಾತುಗಳು ಪೊಲೀಸು ಠಾಣೆಯಿಂದಲೂ ಆಸ್ಪತ್ರೆಯಿಂದಲೂ ಮದುವೆಯ ಮನೆಯಿಂದಲೂ ಸಾಮಾನು ಸಾಗಿಸುವ ಗಾಡಿಯಿಂದಲೂ ಬಂದು ನಮ್ಮ ಹಳ್ಳಿಗಳಲ್ಲಿ ನೆಲೆಸಿವೆ. ಇವುಗಳಿಂದ ಪಾಠವನ್ನು ಪ್ರಾರಂಭಿಸಿದರೆ, ಇಂಗ್ಲಿಷು ತನಗೆ ತಿಳಿಯದೆಯೇ ತನ್ನ ಅಂಗಳಕ್ಕೆ ಬಂದಿತ್ತೆಂದು ಹುಡುಗಿಗೆ ಗೊತ್ತಾಗುತ್ತದೆ.

ಪರಭಾಷೆಯನ್ನು ಕಲಿಯಲು ಸ್ವಭಾಷೆಯನ್ನು ಮುಂದಿಟ್ಟುಕೊಳ್ಳುವುದು ಕೀಳಾದ ದಾರಿಯೆಂದು ಯಾರಾದರೂ ಹೇಳಿದರೆ, ಮಿಷನ್ ಶಾಲೆಯವರಾದ ನಮಗೆ ಉತ್ತರವು ಹತ್ತಿರದಲ್ಲಿಯೇ ಇದೆ. ಈ ನಾಡಿಗೆ ಬಂದ ಮಿಷನರಿಗಳು ಕನ್ನಡವನ್ನು ಹೇಗೆ ಕಲಿತರು? ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರು ೧೮೫೯ರಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಮಹಾನಿಘಂಟಿನಲ್ಲಿ ಕನ್ನಡದ ಮಾತುಗಳಿಗೆ ಇಂಗ್ಲಿಷಿನಲ್ಲಿ ಅರ್ಥವನ್ನು ಹೇಳಿದರು. ಹೆರಾಲ್ಡ್ ಸ್ಪೆನ್ಸರರ ಕನ್ನಡ ವ್ಯಾಕರಣವು ೧೯೧೪ರಲ್ಲಿ ಇಂಗ್ಲಿಷಿನ ಅಭ್ಯಾಸಗಳೊಡನೆ ಮೈಸೂರಿನಲ್ಲಿ ಅಚ್ಚಾಯಿತು. ಹೊಸದಾಗಿ ಹಡಗಿನಿಂದಿಳಿದ ಆಂಗ್ಲರು ಕನ್ನಡದ ಒಂದೊಂದು ಪ್ರಯೋಗವನ್ನೂ ತಮ್ಮ ಮಾತಿನೊಡನೆ ತೂಗಿ ನೋಡಿ ಕಲಿತರು. ಯಾರೂ ಅವರಿಗೆ ದಂಡ ಹಾಕಲಿಲ್ಲ. ಅವರಿಗೆ ದೊರೆತ ಸೌಕರ್ಯವು ನಮ್ಮ ಹೆಣ್ಣುಮಕ್ಕಳಿಗೂ ದೊರೆಯಲಿ ಎಂಬಷ್ಟೇ ನಮ್ಮ ಪ್ರಾರ್ಥನೆ.

ಈ ದಾರಿಯಲ್ಲಿ ಹಳ್ಳಕೊಳ್ಳಗಳಿಲ್ಲವೆಂದು ನಾವು ಹೇಳಲಾರೆವು. ಮೂರನ್ನು ಇಲ್ಲಿಯೇ ತಿಳಿಸುವುದು ಯುಕ್ತ. ಮೊದಲನೆಯದಾಗಿ, ಕನ್ನಡವು ಭಾವವನ್ನು ತಿಳಿಸೀತೇ ಹೊರತು ಯಾವ ಕಿರುಪದವೆಂಬುದನ್ನು ಹೇಳಲಾರದು. ‘ತಿಂದುಬಿಡು’ ಎಂಬುದಕ್ಕೆ ‘ಅಪ್’ ಸರಿಯಾದರೂ, ‘ಹೇಳಿಬಿಡು’ ಎಂಬುದಕ್ಕೆ ‘ಔಟ್’ ಬೇಕು, ‘ಓಡಿಬಿಡು’ ಎಂಬುದಕ್ಕೆ ‘ಅವೇ’ ಬೇಕು. ಅದನ್ನು ಇಂಗ್ಲಿಷು ವಾಕ್ಯಗಳಿಂದಲೇ ಕಲಿಯಬೇಕು. ಎರಡನೆಯದಾಗಿ, ಕೆಲವೆಡೆ ಎರಡು ಭಾಷೆಗಳೂ ಬೆನ್ನು ತಿರುಗಿಸುತ್ತವೆ. ಸಭೆಯನ್ನು ನಾವು ‘ಮುಂದಕ್ಕೆ ಹಾಕುತ್ತೇವೆ’. ಅದನ್ನು ಅಕ್ಷರಶಃ ಮಾಡಿ ‘ಪುಟ್ ಫಾರ್ವರ್ಡ್’ ಎಂದರೆ ಸೂಚನೆಯನ್ನು ಮಂಡಿಸಿದಂತಾಗುತ್ತದೆ. ಇಂಗ್ಲಿಷಿನವರು ಹೇಳುವುದು ‘ಪುಟ್ ಆಫ್’. ಇಂತಹವುಗಳನ್ನು ಬೇರೆಯ ಪುಟದಲ್ಲಿ ಕೆಂಪು ಮಸಿಯಿಂದ ಬರೆದುಕೊಳ್ಳಲಿ. ಮೂರನೆಯದಾಗಿ, ಮಾತಿನ ಜೋಡಣೆ. ‘ಅದನ್ನು ತಿಂದುಬಿಟ್ಟ’ ಎನ್ನುವುದಕ್ಕೆ ‘ತಿಂದು ಅದನ್ನು ಬಿಟ್ಟ’ ಎಂದರೆ ನಮ್ಮಲ್ಲಿ ಅರ್ಥವೇ ಕೆಡುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ: ‘ಇಟ್’, ‘ದೆಮ್’ ಎಂಬ ಸರ್ವನಾಮಗಳು ನಡುವೆಯೇ ನಿಲ್ಲಬೇಕು, ‘ಈಟ್ ಇಟ್ ಅಪ್’ ಎಂದೇ ಆಗಬೇಕು. ನಮ್ಮ ಹುಡುಗಿಯರು ‘ಈಟ್ ಅಪ್ ಇಟ್’ ಎಂದು ಬರೆಯುವುದಕ್ಕೆ ಕಾರಣ ಕನ್ನಡದ ಈ ಬಿಗಿತವಿರಬಹುದು. ತಪ್ಪಿಗೆ ಕಾರಣ ತಿಳಿದರೆ ತಿದ್ದುವುದು ಸುಲಭ. ಕನ್ನಡವನ್ನು ತರಗತಿಯಿಂದ ಹೊರಗೆ ನಿಲ್ಲಿಸಿದರೆ ಕಾರಣವೂ ಹೊರಗೇ ನಿಲ್ಲುತ್ತದೆ.

ಒಂದೇ ದಿನ ಒಂದು ಕಿರುಪದದ ಐವತ್ತು ಜೋಡಿಗಳನ್ನು ಸುರಿದರೆ ಹಳೆಯ ಪಟ್ಟಿಗಿಂತ ಇದೇನೂ ಮೇಲಾಗುವುದಿಲ್ಲವೆಂಬುದನ್ನೂ ಹೇಳಬೇಕು. ಒಂದು ವಾರಕ್ಕೆ ಒಂದು ಭಾವ, ಅದಕ್ಕೆ ಐದಾರು ಜೋಡಿಗಳು ಸಾಕು. ಪ್ರತಿಯೊಂದಕ್ಕೂ ಹುಡುಗಿಯು ತನ್ನ ಮನೆಯ ಸಂಗತಿಯಿಂದ ಒಂದು ಇಂಗ್ಲಿಷು ವಾಕ್ಯವನ್ನು ರಚಿಸಿ, ಅದರ ಪಕ್ಕದಲ್ಲಿ ಮನೆಯಲ್ಲಿ ಆ ಭಾವಕ್ಕೆ ಹೇಳುವ ಮಾತನ್ನು ಬರೆಯಲಿ; ಕನ್ನಡವಾದರೆ ಕನ್ನಡ, ತೆಲುಗಾದರೆ ತೆಲುಗು, ಉರ್ದುವಾದರೆ ಉರ್ದು.

ತಾಯಿತಂದೆಗಳಿಗೆ ನಮ್ಮ ಬಿನ್ನಹ ಇಲ್ಲಿಯೇ ಇದೆ. ತಮಗೆ ಇಂಗ್ಲಿಷು ಬಾರದೆಂದೂ, ಆದುದರಿಂದ ಮಗಳ ಓದಿಗೆ ತಾವು ಏನೂ ಮಾಡಲಾರೆವೆಂದೂ ಅನೇಕ ತಾಯಂದಿರು ಸಂಕೋಚದಿಂದ ಹೇಳುತ್ತಾರೆ. ನಾವು ಅವರಿಂದ ಇಂಗ್ಲಿಷನ್ನು ಬೇಡುವುದಿಲ್ಲ. ಮಗಳು ಸಂಜೆ ಒಲೆಯ ಬಳಿ ಬಂದು, “ಅವ್ವಾ, ‘ಹಾಲು ಕುಡಿ’ ಅನ್ನೋದಕ್ಕೂ ‘ಕುಡಿದುಬಿಡು’ ಅನ್ನೋದಕ್ಕೂ ಏನು ವ್ಯತ್ಯಾಸ?” ಎಂದು ಕೇಳಿದರೆ, ಅವಳನ್ನು ಗದರಿಸದೆ ಒಂದು ಗಳಿಗೆ ಯೋಚಿಸಿ ಹೇಳಿರಿ. ಆ ಉತ್ತರವು ಮರುದಿನ ನಮ್ಮ ತರಗತಿಯಲ್ಲಿ ಇಂಗ್ಲಿಷಿನ ಪಾಠವಾಗುತ್ತದೆ. ತನ್ನ ತಾಯಿಯ ಮಾತು ಕರಿಹಲಗೆಯ ಮೇಲೆ ಬಂದುದನ್ನು ಕಂಡ ಹುಡುಗಿಯು, ಇಂಗ್ಲಿಷನ್ನು ಕಲಿಯಬೇಕಾದರೆ ತನ್ನ ಮನೆಯನ್ನು ಮರೆಯಬೇಕೆಂದು ಎಂದಿಗೂ ತಿಳಿಯುವುದಿಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ಬೇರೊಂದು ಬಿನ್ನಹ. ನೀವು ಆಸ್ಪತ್ರೆಗಳಲ್ಲಿಯೂ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಇರುವಿರಿ. ನಿಮ್ಮನ್ನು ಎಡವಿಸಿದ ಕೂಡುಕ್ರಿಯೆಗಳು ಯಾವುವೋ ಅವುಗಳನ್ನು ನೀವು ಬಲ್ಲಿರಿ; ನಮ್ಮ ಪುಸ್ತಕಗಳು ಅಷ್ಟು ಬಲ್ಲವಲ್ಲ. ಅವುಗಳನ್ನು ಸಂದರ್ಭದೊಡನೆ ಒಂದು ಕಾಗದದಲ್ಲಿ ಬರೆದು ಕಳುಹಿಸಿರಿ. ನಾಚಿಕೆಪಡಬೇಡಿರಿ, ಜಾನ್‌ಸನ್ ಪಂಡಿತರೇ ಕಷ್ಟವೆಂದು ಒಪ್ಪಿದುದಕ್ಕೆ ನಾವೇಕೆ ನಾಚಬೇಕು? ‘ಆಫ್’ ಎಂಬ ಪುಟದ ಮೊದಲನೆಯ ಸಾಲಿನಲ್ಲಿ ಬರಿಯ ಕೋಣೆಯಲ್ಲಿ ಒಂದು ಗಂಟೆ ಕುಳಿತ ನಮ್ಮ ಪಾವಗಡದ ಹುಡುಗಿಯ ‘ಕಾಲ್ ಆಫ್’ ಎಂಬುದನ್ನು ಆಗಲೇ ಬರೆದುಕೊಂಡಿದ್ದೇವೆ. ಅದನ್ನು ಬರೆಯಲು ಒಪ್ಪಿಗೆಯನ್ನು ಕೊಟ್ಟವಳು ಅವಳೇ. ತಾನು ಕುಳಿತ ಕೋಣೆಯಲ್ಲಿ ತನ್ನ ಹಿಂದೆ ಬರುವ ತಂಗಿಯರು ಕುಳಿತುಕೊಳ್ಳುವುದು ಬೇಡವೆಂದು ಹೇಳಿ ಕಳುಹಿಸಿದ್ದಾಳೆ.